ಕುಮಟಾ–ಕಾರವಾರ ಕಡೆ ಆರೋಗ್ಯ ಕರ್ನಾಟಕ ಕಾರ್ಡ್ ಅಥವಾ ಇಎಸ್‌ಐ ಮೇಲೆ ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ?

ಅಘನಾಶಿನಿ ದಡ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕುಮಟಾ ತಾಲೂಕಿನಲ್ಲಿ. ವಿಷಯ ನನ್ನ ತಮ್ಮನದು. 26 ವರ್ಷ, ಗೋವಾದ ವೆರ್ಣಾದಲ್ಲಿ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ಹೋದ ಮಳೆಗಾಲದಿಂದ ಕೈ ತೊಳೆಯೋದು ಜಾಸ್ತಿ ಆಯ್ತು. ಮೊದಲು ನಾವು ಸುಮ್ನೆ ಸ್ವಚ್ಛತೆ ಅಂದುಕೊಂಡೆವು. ಈಗ ಬಚ್ಚಲಿಗೆ ಹೋದರೆ ಹಂಡೆ ನೀರು ಖಾಲಿ ಆಗುವವರೆಗೆ ಹೊರಗೆ ಬರೋದಿಲ್ಲ. ಬೆರಳ ಸಂದಿಯ ಚರ್ಮ ಬಿಳಿಚಿಕೊಂಡು ಸೀಳಿದೆ, ಉಪ್ಪಿನಕಾಯಿ ತಾಗಿದರೆ ಉರಿಯುತ್ತದೆ ಅಂತ ಚಮಚದಲ್ಲಿ ಊಟ ಮಾಡುತ್ತಾನೆ. ಆಯಿ ಬಡಿಸಲು ಬಂದರೆ "ಕೈ ತೊಳೆದಿದ್ದೀಯಾ, ನಿಜವಾಗಿ ತೊಳೆದಿದ್ದೀಯಾ" ಅಂತ ಕೇಳಿದ್ದನ್ನೇ ಕೇಳುತ್ತಾನೆ. ಕೆಲಸ ಬಿಟ್ಟಿಲ್ಲ, ಸದ್ಯ ರಜೆ ಹಾಕಿ ಮನೆಯಲ್ಲಿದ್ದಾನೆ.

ಒಬ್ಬರು ಖಾಸಗಿ ಮನೋವೈದ್ಯರಿಗೆ ತೋರಿಸಿದೆವು. ಒಸಿಡಿ, ಅಂದರೆ ಗೀಳು ಕಾಯಿಲೆ ಅಂದರು, ಮಾತ್ರೆ ಶುರು ಮಾಡಿದರು, ಬರೀ ಮಾತ್ರೆ ಸಾಲದು, ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಥೆರಪಿನೂ ಆಗಬೇಕು, ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಅಂತ ಹೇಳಿ ಕಳಿಸಿದರು. ವಿಚಾರಿಸಿದರೆ ಒಂದು ಸಲ ಕೂತರೆ 1,200 ರೂಪಾಯಿ. ಕಾರ್ಡ್ ನಡೆಯುತ್ತದಾ ಅಂದರೆ ಇಲ್ಲ ಅಂದರು. ಇನ್ನೊಂದು ಕಡೆ ಕೇಳಿದರೆ ಅಲ್ಲಿನ ಹುಡುಗಿ ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಇಲ್ಲ ಅಂದಳು.

ನಮ್ಮದು ಎಪಿಎಲ್ ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಟ್ಟಿದ್ದೇವೆ. ತಮ್ಮನ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆ, ಕೂಡ ಕಡಿತ ಆಗುತ್ತದೆ. ಎರಡೆರಡು ಇದ್ದೂ ಒಂದೂ ಉಪಯೋಗಕ್ಕೆ ಬರೋದಿಲ್ಲ ಅಂದರೆ ಹೇಗೆ? ಇವುಗಳ ಮೇಲೆ ನೋಡುವ ಸೈಕಾಲಜಿಸ್ಟ್ ನಮ್ಮ ಜಿಲ್ಲೆಯಲ್ಲಿ, ಇಲ್ಲ ಹುಬ್ಬಳ್ಳಿ, ಮಣಿಪಾಲ, ಗೋವಾ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ವಾರ ವಾರ ಹೋಗಿ ಬರುವ ಖರ್ಚೂ ನೋಡಬೇಕಲ್ಲ.

ಸದಾಶಿವಗಡ:

ನಾನು ಕೆಲವು ವರ್ಷ ಆರೋಗ್ಯಮಿತ್ರ ಕೌಂಟರಿನಲ್ಲಿ ಕೂತು ಇದೇ ಕಾರ್ಡುಗಳ ಕೆಲಸ ಮಾಡಿದವಳು. ಹಾಗಾಗಿ ಕಾರ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಜನ ಅಲ್ಲೇ ತಿರುಗಿ ತಿರುಗಿ ಸುಸ್ತಾಗುತ್ತಾರೆ.

ಆರೋಗ್ಯ ಕರ್ನಾಟಕ 2018ರಲ್ಲಿ ಶುರುವಾಯಿತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಆಯುಷ್ಮಾನ್ ಜೊತೆ ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಿಮ್ಮಂಥ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ಪ್ಯಾಕೇಜ್ ಅನ್ನೋ ಮಾತು ಇಲ್ಲಿ ಮುಖ್ಯ. ಸರ್ಕಾರ ಹಣ ಕಟ್ಟುವುದು ಆಸ್ಪತ್ರೆಗೆ ಸೇರಿಸಿ ಮಾಡುವ ಚಿಕಿತ್ಸೆಗೆ. ಮಾನಸಿಕ ಕಾಯಿಲೆಗೂ ಪ್ಯಾಕೇಜ್ ಇದೆ, ಆದರೆ ಅದೂ ಅಡ್ಮಿಟ್ ಆದವರಿಗೆ. ವಾರಕ್ಕೊಮ್ಮೆ ಬಂದು ಮುಕ್ಕಾಲು ಗಂಟೆ ಮಾತಾಡಿ ಮನೆಗೆ ಹೋಗುವ ಥೆರಪಿಗೆ ಬಿಲ್ ಹಾಕಲು ಅದರಲ್ಲಿ ದಾರಿಯೇ ಇಲ್ಲ. ಖಾಸಗಿ ಸೈಕಾಲಜಿಸ್ಟ್ ಮನಸ್ಸು ಮಾಡಿದರೂ ಆಗೋದಿಲ್ಲ. ಯಶಸ್ವಿನಿ ಇದ್ದವರೂ ಇದೇ ಪ್ರಶ್ನೆ ಕೇಳುತ್ತಾರೆ, ಅದು ಹೆಚ್ಚಾಗಿ ಆಪರೇಷನ್‌ಗಳಿಗೆ.

ಹಾಗಾದರೆ ಕಾರ್ಡ್ ತೆಗೆದುಕೊಳ್ಳುವ ಸೈಕಾಲಜಿಸ್ಟ್‌ನ್ನು ಹುಡುಕೋದು ಬಿಡಿ. ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿರುವ ಸೈಕಾಲಜಿಸ್ಟ್‌ನ್ನು ಹುಡುಕಿ. ಅವರಿಗೆ ಯಾವ ಕಾರ್ಡೂ ಬೇಡ, ಎಪಿಎಲ್ ಬಿಪಿಎಲ್ ಅಂತ ಕೇಳೋದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಪ್ರತಿ ಜಿಲ್ಲೆಯಲ್ಲೂ ಇದೆ, ಆಫೀಸಿನಲ್ಲಿ ಎಲ್ಲರೂ ಡಿಎಂಎಚ್‌ಪಿ ಅಂತಾರೆ. ಇದರ ಮಾದರಿ ಹುಟ್ಟಿದ್ದೇ ನಮ್ಮ ರಾಜ್ಯದಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೆ ತಂದರು. ಈ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಇಷ್ಟು ಹುದ್ದೆ ಇರಬೇಕು. ಇರಬೇಕು ಅಂತ ಯಾಕೆ ಹೇಳಿದೆ ಅಂದರೆ ಸೈಕಾಲಜಿಸ್ಟ್ ಹುದ್ದೆ ಹಲವು ಜಿಲ್ಲೆಗಳಲ್ಲಿ ಆಗಾಗ ಖಾಲಿ ಬೀಳುತ್ತದೆ, ಗುತ್ತಿಗೆ ಕೆಲಸ, ಸಂಬಳ ಕಡಿಮೆ, ಬಂದವರು ಬೇಗ ಬಿಟ್ಟು ಹೋಗುತ್ತಾರೆ. ಹಾಗಾಗಿ ಬಸ್ಸು ಹತ್ತುವ ಮೊದಲು ಕಾರವಾರದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ ಡಿಎಂಎಚ್‌ಪಿ ವಿಭಾಗಕ್ಕೆ ಕೊಡಿ ಅನ್ನಿ, "ಈಗ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ, ಯಾವ ದಿನ ಎಲ್ಲಿ ಕೂರುತ್ತಾರೆ, ಥೆರಪಿ ಮಾಡುತ್ತಾರಾ ಇಲ್ಲ ಬರೀ ಟೆಸ್ಟಿಂಗಾ" ಅಂತ ನೇರವಾಗಿ ಕೇಳಿ. ಕೊನೆಯ ಪ್ರಶ್ನೆ ಬಿಡಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅವರ ಅರ್ಧ ದಿನ ಅಂಗವಿಕಲರ ಪ್ರಮಾಣಪತ್ರಕ್ಕೆ ಬುದ್ಧಿಮಟ್ಟದ ಪರೀಕ್ಷೆ ಮಾಡುವುದರಲ್ಲೇ ಕಳೆದುಹೋಗುತ್ತದೆ.

ಇನ್ನೊಂದು, ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ. ಮಾತ್ರೆಗೆ ಅದು ಸಾಕು, ಕುಮಟಾದಲ್ಲೇ ಯಾವ ಮಂಗಳವಾರ ಅಂತ ಕೇಳಿಕೊಂಡರೆ ಪ್ರತಿ ಸಲ ಖಾಸಗಿ ಫೀಸ್ ಕೊಡೋದು ತಪ್ಪುತ್ತದೆ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿಗೆ ಸೇರಿದೆ, ಕ್ರಿಮ್ಸ್. ಅಲ್ಲಿ ಮನೋವೈದ್ಯಕೀಯ ವಿಭಾಗದಲ್ಲಿ ಚೀಟಿ ಮಾಡಿಸಿಕೊಂಡರೆ ಮುಂದಿನ ಆಸ್ಪತ್ರೆಗೆ ರೆಫರ್ ಪತ್ರವೂ ಸಿಗುತ್ತದೆ. ಮುಂದೆ ಎಂದಾದರೂ ಅಡ್ಮಿಟ್ ಮಾಡಬೇಕಾಗಿ ಬಂದರೆ ಕಾರ್ಡ್ ನಡೆಯಲು ಈ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ.

ಬೆಳಗಿನ ರೈಲು:

ಇಎಸ್‌ಐ ಬಗ್ಗೆ ನಾನು ಬರೀತೀನಿ. ನಾನೂ ಕಾರವಾರದಿಂದ ಗೋವಾಕ್ಕೆ ಕೆಲಸಕ್ಕೆ ಹೋಗುವವನೇ, ನನ್ನ ಸ್ನೇಹಿತನಿಗೆ ಡಿಪ್ರೆಶನ್ ಆದಾಗ ಇದನ್ನೆಲ್ಲ ಓಡಾಡಿ ಮಾಡಿಸಿದ್ದೇವೆ.

ಮೊದಲು ಒಂದು ಮಾತು. ತಮ್ಮನ ಹತ್ತಿರ ಈಗ ಯಾವ ಕಾರಣಕ್ಕೂ ರಾಜೀನಾಮೆ ಕೊಡಿಸಬೇಡಿ. ಕಂಪನಿಯವರು ಪ್ರೀತಿಯಿಂದ ಹೇಳಿದರೂ ಬೇಡ. ಕೆಲಸ ಇರುವವರೆಗೆ ಇಎಸ್‌ಐ ಇದೆ. ಸಂಬಳ ತಿಂಗಳಿಗೆ 21,000ದ ಒಳಗಿದ್ದವರಿಗೆ ಇದು ಬರುತ್ತದೆ, ಅವನ ಸಂಬಳದಿಂದ ಶೇ 0.75, ಕಂಪನಿಯಿಂದ ಶೇ 3.25. ಆಯುಷ್ಮಾನ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಂದರೆ ಇಎಸ್‌ಐನಲ್ಲಿ ಹೊರರೋಗಿ ಚಿಕಿತ್ಸೆಯೂ ಇದೆ. ಅಡ್ಮಿಟ್ ಆಗಲೇಬೇಕು ಅಂತಿಲ್ಲ. ನಿಮ್ಮ ವಿಷಯದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ವಿಮೆ ಇದೇ.

ಆದರೆ ನೇರವಾಗಿ ಖಾಸಗಿ ಸೈಕಾಲಜಿಸ್ಟ್ ಹತ್ತಿರ ಹೋಗಿ ಕಾರ್ಡ್ ತೋರಿಸಿದರೆ ಆಗೋದಿಲ್ಲ. ಮೊದಲು ಅವನ ಹೆಸರು ಇರುವ ಇಎಸ್‌ಐ ಡಿಸ್ಪೆನ್ಸರಿ. ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಗೋವಾದಲ್ಲಿ ಅದು ಮಡಗಾಂವ್‌ನಲ್ಲಿದೆ. ಅಲ್ಲಿ ಆ ಸೇವೆ ಇಲ್ಲದಿದ್ದರೆ ಇರುವ ಕಡೆಗೆ ರೆಫರ್ ಮಾಡಿಸಿಕೊಳ್ಳಬೇಕು. ಬಾಂಬೋಲಿಯಲ್ಲಿ ಮೆಡಿಕಲ್ ಕಾಲೇಜಿನ ಹತ್ತಿರವೇ ಐಪಿಎಚ್‌ಬಿ ಅಂತ ಮಾನಸಿಕ ಆರೋಗ್ಯಕ್ಕೇ ಮೀಸಲಾದ ಸರ್ಕಾರಿ ಆಸ್ಪತ್ರೆ ಇದೆ. ರೆಫರ್ ಪತ್ರ ಎಲ್ಲಿಗೆ ಬೇಕು ಅಂತ ನೀವೇ ಬಾಯಿಬಿಟ್ಟು ಹೇಳಿ, ಮನೋವೈದ್ಯರು ಬರೆದ ಚೀಟಿ ಎದುರಿಗಿಡಿ. ಆ ಚೀಟಿಯಲ್ಲಿ "ಕೌನ್ಸೆಲಿಂಗ್" ಅಂತ ಮೊಗಮ್ಮಾಗಿ ಬರೆದಿದ್ದರೆ ವಾಪಸ್ ಹೋಗಿ ಕಾಯಿಲೆಯ ಹೆಸರು, ಬೇಕಾದ ಥೆರಪಿಯ ಹೆಸರು ಸ್ಪಷ್ಟವಾಗಿ ಬರೆಸಿಕೊಂಡು ಬನ್ನಿ. ನಮ್ಮಲ್ಲಿ ಕೆಲಸ ಆಗಿದ್ದು ಆ ಒಂದು ಸಾಲಿನಿಂದ.

ರಜೆ ಹಾಕಿದ್ದಾನೆ ಅಂದಿರಲ್ಲ, ಅದು ಸಂಬಳ ಇಲ್ಲದ ರಜೆಯಾ? ಹಾಗಿದ್ದರೆ ಸಿಕ್‌ನೆಸ್ ಬೆನಿಫಿಟ್ ಕೇಳಬಹುದು. ಸಂಬಳದ ಶೇ 70, ವರ್ಷಕ್ಕೆ 91 ದಿನದವರೆಗೆ. ಮಾನಸಿಕ ಕಾಯಿಲೆಯೂ ಕಾಯಿಲೆಯೇ, ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ಸಾಕು. ಶರತ್ತು ಏನಂದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗೆ ಲೆಕ್ಕಕ್ಕೆ ಬರುತ್ತದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈನಿಂದ ಡಿಸೆಂಬರ್‌ವರೆಗೆ. ಖಾಸಗಿ ಡಾಕ್ಟರ್ ಸರ್ಟಿಫಿಕೇಟ್ ನಂಬಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂರಬೇಡಿ, ಆ ದಿನಗಳ ದುಡ್ಡು ಸಿಗೋದು ಕಷ್ಟ. ಈ ವಾರವೇ ಹೋಗಿ ಡಿಸ್ಪೆನ್ಸರಿಯಲ್ಲಿ ತೋರಿಸಿ.

ಇದನ್ನು ಓದುವ ದಾಂಡೇಲಿಯವರಿಗೆ ಒಂದು ಮಾತು: ಇಎಸ್‌ಐ ಇದ್ದರೆ ನಿಮ್ಮೂರಲ್ಲೇ ಅದರ ಆಸ್ಪತ್ರೆ ಇದೆ. ನೀವು ಅಲ್ಲಿಂದ ಶುರು ಮಾಡಿ.

ಬನವಾಸಿ ರಸ್ತೆ:

ಶಿರಸಿಯಿಂದ. ನನಗೇ ಒಸಿಡಿ ಇತ್ತು, ಈಗಲೂ ಸ್ವಲ್ಪ ಇದೆ, ಆದರೆ ಬದುಕು ನನ್ನ ಕೈಯಲ್ಲಿದೆ. ಮೇಲಿನ ಇಬ್ಬರೂ ದುಡ್ಡಿನ ದಾರಿ ಚೆನ್ನಾಗಿ ಹೇಳಿದ್ದಾರೆ. ನಾನು ಥೆರಪಿ ಬಗ್ಗೆ ಹೇಳುತ್ತೇನೆ, ಯಾಕೆಂದರೆ ತಪ್ಪು ಜಾಗದಲ್ಲಿ ಪುಕ್ಕಟೆ ಸಿಕ್ಕರೂ ಅದು ನಷ್ಟವೇ.

ಒಸಿಡಿಗೆ ಮಾಡುವ ಥೆರಪಿಗೆ ಇಆರ್‌ಪಿ ಅಂತಾರೆ, ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಸಮಾಧಾನ ಹೇಳುವ ಮಾತುಕತೆ ಅಲ್ಲ ಅದು. ನನಗೆ ಮೊದಲ ದಿನಗಳಲ್ಲಿ ಕೊಟ್ಟ ಕೆಲಸ ಏನು ಗೊತ್ತಾ, ಆಸ್ಪತ್ರೆಯ ಬಾಗಿಲ ಹಿಡಿಕೆ ಮುಟ್ಟಿ ಬಂದು ಕುರ್ಚಿಯಲ್ಲಿ ಕೂರೋದು. ಕೈ ತೊಳೆಯುವ ಹಾಗಿಲ್ಲ, ಪಂಚೆಗೆ ಒರೆಸಿಕೊಳ್ಳುವ ಹಾಗೂ ಇಲ್ಲ. ಎದುರಿಗೆ ಕೂತವರು ಐದೈದು ನಿಮಿಷಕ್ಕೆ "ಈಗ ಹೆದರಿಕೆ ನೂರಕ್ಕೆ ಎಷ್ಟು" ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಮೊದಲು ತೊಂಬತ್ತು ಅಂದೆ. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಕೂತೇ ಇದ್ದೆ, ಕೂತೇ ಇದ್ದೆ, ಯಾವಾಗಲೋ ಐವತ್ತು ಅಂದೆ. ತೊಳೆಯದೆಯೂ ಹೆದರಿಕೆ ತಾನಾಗಿ ಇಳಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು. ಆಮೇಲೆ ಸ್ವಲ್ಪ ಕಷ್ಟದ್ದು, ಆಮೇಲೆ ಇನ್ನೂ ಕಷ್ಟದ್ದು. ಒಟ್ಟು ಹನ್ನೆರಡರಿಂದ ಇಪ್ಪತ್ತು ಸಲ ಕೂರಬೇಕಾಗುತ್ತದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ನಡುವೆ ಮನೆಯಲ್ಲಿ ದಿನಾ ಅಭ್ಯಾಸ. ಮಾತ್ರೆಯೂ ಜೊತೆಗಿರಲಿ, ಒಸಿಡಿಗೆ ಅದು ಹಿಡಿಯಲು ಎರಡು ಮೂರು ತಿಂಗಳು ಬೇಕು, ಹದಿನೈದು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಿಸಬೇಡಿ.

ಇದನ್ನು ಮಾಡಿಸಲು ಕಲಿತವರೇ ಬೇಕು. ನಮ್ಮ ಕಡೆ ಈಗ "ಕೌನ್ಸೆಲರ್" ಅಂತ ಬೋರ್ಡ್ ಹಾಕಿಕೊಂಡವರು ಬಹಳ ಇದ್ದಾರೆ, ಕೆಲವರು ಒಳ್ಳೆಯವರೇ, ಆದರೆ ಮೂರು ತಿಂಗಳ ಕೋರ್ಸ್ ಮಾಡಿದವರೂ ಅದರಲ್ಲಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಬೇಕೇ ಬೇಕು. ನಂಬರ್ ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಲೇಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ನಂಬರ್ ಇದ್ದ ಮೇಲೂ "ಒಸಿಡಿಗೆ ಇಆರ್‌ಪಿ ಮಾಡಿಸಿದ್ದೀರಾ" ಅಂತ ಕೇಳಿ.

ನಾನು ಹೋಗಿದ್ದು ಧಾರವಾಡದ ಡಿಮ್ಹಾನ್ಸ್‌ಗೆ. ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ, ಖರ್ಚು ಬಹಳ ಕಡಿಮೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ಕಲಿಯುವವರೂ ಇರುತ್ತಾರೆ, ದೊಡ್ಡವರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುತ್ತಾರೆ. ಕಲಿಯುವವರು ಅಂತ ಹಿಂಜರಿಯಬೇಡಿ. ನನಗೆ ಅವರು ಕೊಟ್ಟಷ್ಟು ಸಮಯ ಯಾರೂ ಕೊಟ್ಟಿಲ್ಲ. ಕುಮಟಾದಿಂದ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ ಆಗಿ ಹೋಗಬೇಕು, ವಾರ ವಾರ ಅಂದರೆ ಮೈ ನೋವು ಬರುತ್ತದೆ ನಿಜ. ಒಂದು ಉಪಾಯ ಹೇಳುತ್ತೇನೆ, ಮೊದಲ ಕೆಲವು ಸಲ ಅಲ್ಲೇ ಹತ್ತಿರದಲ್ಲಿ ಉಳಿದುಕೊಂಡು ವಾರಕ್ಕೆ ಎರಡು ಮೂರು ಸಲ ಮಾಡಿಸಿಕೊಳ್ಳಲು ಆಗುತ್ತದಾ ಅಂತ ಕೇಳಿ. ಆಮೇಲೆ ದೂರ ದೂರ ಇಟ್ಟುಕೊಳ್ಳಬಹುದು. ತೀರಾ ಕಷ್ಟದ ಕೇಸ್ ಆದರೆ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಬೇರೆ ಕ್ಲಿನಿಕ್ ಇದೆ.

ಮಣಿಪಾಲದಲ್ಲೂ ಕ್ಲಿನಿಕಲ್ ಸೈಕಾಲಜಿ ವಿಭಾಗ ಚೆನ್ನಾಗಿದೆ. ಆದರೆ ನಮ್ಮ ಕರಾವಳಿಯವರು ಹಿಡಿದುಕೊಂಡು ಓಡಾಡುವ ಮಣಿಪಾಲ ಆರೋಗ್ಯ ಕಾರ್ಡ್ ವಿಮೆ ಅಲ್ಲ, ರಿಯಾಯಿತಿ ಕಾರ್ಡ್. ಅದು ತಿಳಿದುಕೊಂಡೇ ಹೋಗಿ.

ಅಘನಾಶಿನಿ ದಡ:

ಎಲ್ಲರಿಗೂ ಕೈ ಮುಗಿದೆ. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ರಜೆ ಸಂಬಳ ಇಲ್ಲದ್ದೇ, ಸಿಕ್‌ನೆಸ್ ಬೆನಿಫಿಟ್ ಅಂತ ಒಂದಿದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಇನ್ನೆರಡು ಪ್ರಶ್ನೆ. ಅಪ್ಪ ಹಟ ಹಿಡಿದಿದ್ದಾರೆ, ಮಾನಸಿಕ ಆಸ್ಪತ್ರೆಯ ಚೀಟಿ ಆಯ್ತು ಅಂದರೆ ಕಂಪನಿಗೆ ಗೊತ್ತಾಗುತ್ತದೆ, ನಾಳೆ ಹೆಣ್ಣು ಕೊಡುವವರಿಗೂ ಗೊತ್ತಾಗುತ್ತದೆ ಅಂತ. ಎರಡನೆಯದು, ತಮ್ಮನಿಗೆ ಬಸ್ಸಿನ ಸೀಟು ಮುಟ್ಟಲು ಆಗೋದಿಲ್ಲ. ಫೋನಿನಲ್ಲಿ ಏನಾದರೂ ಶುರು ಮಾಡಬಹುದಾ?

ಸದಾಶಿವಗಡ:

ಅಪ್ಪನಿಗೆ ಇಷ್ಟು ಹೇಳಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಬಂದು, ಮಾರನೇ ವರ್ಷದಿಂದ ಜಾರಿಯಲ್ಲಿದೆ. ಅದರ ಪ್ರಕಾರ ರೋಗಿಯ ವಿಷಯ ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಕಂಪನಿಯವರು ಫೋನ್ ಮಾಡಿ ಕೇಳಿದರೂ ಹೇಳುವ ಹಾಗಿಲ್ಲ. ಹೆಣ್ಣು ಕೊಡುವವರ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳಿದರೆ, ಹಂಡೆ ನೀರು ಖಾಲಿ ಮಾಡುವುದು ಅಕ್ಕಪಕ್ಕದವರಿಗೆ ಈಗಾಗಲೇ ಕಾಣುತ್ತಿದೆ, ಚಿಕಿತ್ಸೆ ಮಾಡಿಸಿದರೆ ಕಾಣುವುದು ಕಡಿಮೆಯಾಗುತ್ತದೆ. ಅಪ್ಪ ದೇವಸ್ಥಾನಕ್ಕೆ ಹೋಗಿ ಬರೋಣ ಅಂದರೆ ಅದನ್ನೂ ಮಾಡಿ, ಜಗಳ ಬೇಡ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಇದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ಮೈ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು. ಮನೆಯಲ್ಲಿ ಯಾರಿಗಾದರೂ ಖಾಸಗಿ ಪಾಲಿಸಿ ಇದ್ದರೆ ತೆಗೆದು ನೋಡಿ. ಹೊರರೋಗಿ ಖರ್ಚು ಕೊಡುವ ಪಾಲಿಸಿ ಆಗಿದ್ದರೆ ಥೆರಪಿ ಬಿಲ್ ಕೇಳಬಹುದು, ಬರೀ ಅಡ್ಮಿಶನ್ ಪಾಲಿಸಿ ಆಗಿದ್ದರೆ ಇಲ್ಲೂ ಅದೇ ಕಥೆ.

ಫೋನಿಗೆ ಟೆಲಿ ಮಾನಸ್ ಇದೆ, 14416. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ವಾರ ವಾರದ ಇಆರ್‌ಪಿ ಅದರಲ್ಲಿ ಆಗುತ್ತದೆ ಅಂತ ನಂಬಿಕೊಂಡು ಕೂರಬೇಡಿ, ಆದರೆ ಮೊದಲ ಮಾತಿಗೆ, ಎಲ್ಲಿಗೆ ಹೋಗಬೇಕು ಅಂತ ಕೇಳುವುದಕ್ಕೆ, ರಾತ್ರಿ ಹೊತ್ತು ಅವನಿಗೆ ತೀರಾ ತಡೆಯಲಾಗದಾಗ ಅದು ಬಹಳ ಒಳ್ಳೆಯದು. ಸಾಯುವ ಮಾತೇನಾದರೂ ಆಡಿದರೆ ಮಾತ್ರ ಯಾವುದಕ್ಕೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುರ್ತು ಇದ್ದಾಗ ರೆಫರಲ್ ಕೇಳೋದಿಲ್ಲ.

ಬನವಾಸಿ ರಸ್ತೆ:

ಬಸ್ಸಿನ ಸೀಟಿನ ವಿಷಯಕ್ಕೆ: ಮೊದಲ ಸಲ ಹೇಗಾದರೂ ಮಾಡಿ ಕರೆದುಕೊಂಡು ಹೋಗಿ, ಸೀಟಿನ ಮೇಲೆ ಅವನದೇ ಟವೆಲ್ ಹಾಸಿಕೊಳ್ಳಲಿ, ಪರವಾಗಿಲ್ಲ. ಥೆರಪಿ ಶುರುವಾದ ಮೇಲೆ ಆ ಟವೆಲ್ ತೆಗೆಯೋದೇ ಒಂದು ಅಭ್ಯಾಸ ಆಗುತ್ತದೆ. ಒಮ್ಮೆ ಎದುರಾಬದುರು ನೋಡಿದ ಮೇಲೆ ನಡುವಿನ ಕೆಲವು ಸಲ ವಿಡಿಯೋ ಕಾಲ್‌ನಲ್ಲಿ ಮಾಡುತ್ತೀರಾ ಅಂತ ಸೈಕಾಲಜಿಸ್ಟ್‌ರನ್ನೇ ಕೇಳಿ. ಈ ಥೆರಪಿ ವಿಡಿಯೋದಲ್ಲೂ ನಡೆಯುತ್ತದೆ, ಎಷ್ಟೋ ಸಲ ಮನೆಯ ಬಚ್ಚಲ ಎದುರೇ ಮಾಡಿಸುವುದರಿಂದ ಹೆಚ್ಚು ಉಪಯೋಗ.

ಆಯಿಗೆ ಒಂದು ಮಾತು ಹೇಳಿ. ಅವನು "ತೊಳೆದಿದ್ದೀಯಾ" ಅಂತ ಕೇಳಿದಾಗಲೆಲ್ಲ ಹೌದು ಹೌದು ಅಂತ ಉತ್ತರ ಕೊಟ್ಟಷ್ಟೂ ಆ ಪ್ರಶ್ನೆ ಬೆಳೆಯುತ್ತದೆ. ಬೈಯುವುದೂ ಬೇಡ, ಒಮ್ಮೆಗೇ ನಿಲ್ಲಿಸುವುದೂ ಬೇಡ. ಹೇಗೆ ಕಡಿಮೆ ಮಾಡಬೇಕು ಅಂತ ಸೈಕಾಲಜಿಸ್ಟ್ ಹೇಳಿಕೊಡುತ್ತಾರೆ, ಆದ್ದರಿಂದ ಮೊದಲ ಭೇಟಿಗೆ ಆಯಿಯನ್ನೂ ಕರೆದುಕೊಂಡು ಹೋಗಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಬಂದು ಕೂತ ಮೇಲೇ ಕೆಲಸ ಮುಂದೆ ಹೋಯಿತು.

ಬೆಳಗಿನ ರೈಲು:

ಹೋಗುವಾಗ ಇಟ್ಟುಕೊಳ್ಳಿ: ಆಧಾರ್, ಇಎಸ್‌ಐ ಇನ್ಶೂರೆನ್ಸ್ ನಂಬರ್, ಈಚಿನ ಸಂಬಳ ಚೀಟಿ, ಮನೋವೈದ್ಯರ ಚೀಟಿ ಮತ್ತು ಈಗ ತೆಗೆದುಕೊಳ್ಳುವ ಮಾತ್ರೆಯ ಪಟ್ಟಿ. ಎಲ್ಲದರ ಜೆರಾಕ್ಸ್ ಎರಡೆರಡು. ರಜೆ ಯಾವತ್ತಿನಿಂದ ಅಂತ ಕಂಪನಿಯ ಎಚ್‌ಆರ್‌ಗೆ ಬರಹದಲ್ಲಿ ಕೊಟ್ಟಿದ್ದರೆ ಅದನ್ನೂ ಇಟ್ಟುಕೊಳ್ಳಿ, ಕೊಟ್ಟಿಲ್ಲದಿದ್ದರೆ ಇವತ್ತೇ ಒಂದು ಮೇಲ್ ಹಾಕಿ. ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ, ಆರೋಗ್ಯ ಸರಿ ಇಲ್ಲ, ಇಎಸ್‌ಐ ಸರ್ಟಿಫಿಕೇಟ್ ಕೊಡುತ್ತೇನೆ ಅಂದರೆ ಆಯ್ತು. ಗೋವಾ ಕಡೆ ಡಿಸ್ಪೆನ್ಸರಿಯಲ್ಲಿ ಭಾಷೆ ತೊಂದರೆ ಆದರೆ ಮೆಸೇಜ್ ಮಾಡಿ, ನನಗೆ ಕೊಂಕಣಿ ಬರುತ್ತದೆ, ಶಿಫ್ಟ್ ನೋಡಿಕೊಂಡು ಜೊತೆಗೆ ಬರುತ್ತೇನೆ.